ಕಣ್ಣು ಕಾಣದವರಿಗೆ ಬಣ್ಣ ಹೇಳುವುದು

ಆಗ ನಾನು ಮಾಡುತ್ತಿದ್ದ ಕೆಲಸವನ್ನು ಮೈಸೂರಿನಲ್ಲಿರುವ ಅಕ್ಕನಿಗೆ ಅರ್ಥ ಮಾಡಿಸುವುದೇ ಕಷ್ಟವಾಗಿತ್ತು. “ಸಿನಿಮಾದಲ್ಲಿ ಯಾರೂ ಮಾತಾಡದೆ ಇರೋ ಜಾಗದಲ್ಲಿ ನಾನು ಮಾತಾಡ್ತೀನಿ ಕಣೇ” ಎಂದರೆ, “ಅಂದ್ರೆ ಡಬ್ಬಿಂಗಾ?” ಎನ್ನುತ್ತಿದ್ದಳು. ಡಬ್ಬಿಂಗ್ ಅಲ್ಲ. ಕಣ್ಣು ಕಾಣದವರು ಸಿನಿಮಾ ಹಾಕಿಕೊಂಡು ಕೂತರೆ ಪಾತ್ರಗಳ ಮಾತು ಕೇಳಿಸುತ್ತದೆ, ಸಂಗೀತ ಕೇಳಿಸುತ್ತದೆ. ಆದರೆ ಯಾರೋ ಸದ್ದಿಲ್ಲದೆ ಒಳಗೆ ಬಂದದ್ದು, ಉಂಗುರ ತೆಗೆದು ಮೇಜಿನ ಮೇಲಿಟ್ಟದ್ದು, ಅಳು ನುಂಗಿಕೊಂಡದ್ದು ಗೊತ್ತಾಗುವುದಿಲ್ಲ. ಮಾತಿನ ನಡುವಿನ ಅಂಥ ಸಂದುಗಳಲ್ಲಿ ಒಂದು ಧ್ವನಿ ಬಂದು ತೆರೆಯ ಮೇಲೆ ಏನಾಗುತ್ತಿದೆ ಎಂದು ಚುಟುಕಾಗಿ ಹೇಳಿ ಹೋಗುತ್ತದೆ. ಆಡಿಯೋ ಡಿಸ್ಕ್ರಿಪ್ಷನ್ ಅನ್ನುತ್ತಾರೆ. ಆ ಮಾತುಗಳನ್ನು ಬರೆಯುವುದು, ಬರೆದದ್ದನ್ನು ಮೈಕಿನ ಮುಂದೆ ಓದುವುದು ನನ್ನ ಕೆಲಸ.

ಅದಕ್ಕೆ ಮೊದಲು ಅಮೆರಿಕದ ಟೆಕ್ಸಸ್‌ನಲ್ಲಿ, ಆಸ್ಟಿನ್ನಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೈಪಿಡಿಗಳನ್ನು ಬರೆಯುತ್ತಿದ್ದೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಜನರಿಗೆ ತಿಳಿಯುವ ಹಾಗೆ ಬರೆಯುವ ಕೆಲಸ. ಒಂದು ಸೋಮವಾರ ಬೆಳಿಗ್ಗೆ ನಮ್ಮ ಇಡೀ ತಂಡವನ್ನು ಒಂದೇ ಮೀಟಿಂಗಿನಲ್ಲಿ ಕೂರಿಸಿ ಕಳಿಸಿಬಿಟ್ಟರು. ಬಿಡುವು ಬಂತು. ಬಿಡುವಿನಲ್ಲಿ ನಾನು, ಆಸ್ಟಿನ್ ಪಕ್ಕದ ಜಾರ್ಜ್‌ಟೌನಿನಲ್ಲಿ ನಮ್ಮ ಬೀದಿಯ ಕೊನೆಗಿರುವ ಅಂಕಲ್ ಮನೆಗೆ ಹೋಗಿ ಕೂರುವುದು ರೂಢಿಯಾಯಿತು.

ಅಂಕಲ್ ಬೆಂಗಳೂರಿನವರು. ಹೂಸ್ಟನ್ನಿನ ತೈಲ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದು, ರಿಟೈರ್ ಆದಮೇಲೆ ಇಲ್ಲಿಗೆ ಶಿಫ್ಟ್ ಆದವರು. ಆಂಟಿ ಧಾರವಾಡದ ಕಡೆಯವರು. ಹೂಸ್ಟನ್ನಿನಲ್ಲೇ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಆಯುಷ್ಯ ಕಳೆದವರು. ಗ್ಲಾಕೋಮಾದಿಂದ ಅಂಕಲ್ ಕಣ್ಣು ಮೊದಲು ಅಂಚಿನಲ್ಲಿ ಮಸುಕಾಗಿ, ಆಮೇಲೆ ಪೂರ್ತಿ ಹೋಯಿತು. ಅವರು ಅದನ್ನು ಒಪ್ಪಿಕೊಂಡ ರೀತಿ ದೊಡ್ಡದು. ಬಿಡಲಾಗದೆ ಉಳಿದದ್ದು ಒಂದೇ: ಹಳೆಯ ಹಾಲಿವುಡ್ಡಿನ ಅಳುವ ಸಿನಿಮಾಗಳು. ಮದುವೆ, ದ್ರೋಹ, ಕ್ಷಯ, ಕ್ಷಮೆ, ಕೊನೆಗೊಂದು ಸಾವು. ಪಿಟೀಲುಗಳು ಒಟ್ಟಿಗೆ ಏಳುವ ಸಿನಿಮಾಗಳು. ಕಾಲೇಜಿನ ದಿನಗಳಲ್ಲಿ ಕಂಟೋನ್ಮೆಂಟಿನ ಟಾಕೀಸುಗಳಲ್ಲಿ ಅವನ್ನೆಲ್ಲ ನೋಡಿ ಇಂಗ್ಲಿಷ್ ಕಲಿತೆ ಎಂದು ಹೇಳಿಕೊಳ್ಳುತ್ತಿದ್ದರು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿಯಲ್ಲಿ ಒಂದನ್ನು ಹಾಕಿಕೊಂಡು ಕೂರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ. “ಈಗ ಅವಳು ಕಿಟಕಿ ಹತ್ರ ಬಂದ್ಲು ಅಂಕಲ್. ಹೊರಗೆ ಕಾರು ನಿಂತಿದೆ. ಇಳಿದವನು ಇವನಲ್ಲ, ತಮ್ಮ.” ಅಂಕಲ್ ಮುಖದಲ್ಲಿ ಒಂದು ತೃಪ್ತಿ ಹರಡಿಕೊಳ್ಳುತ್ತಿತ್ತು. “ನಿನಗೆ ಹೇಳೋಕೆ ಬರುತ್ತಮ್ಮ. ಎಷ್ಟು ಬೇಕೋ ಅಷ್ಟೇ ಹೇಳ್ತೀಯ” ಎನ್ನುತ್ತಿದ್ದರು. ಆಂಟಿ ನಮ್ಮ ಜೊತೆ ಕೂರುತ್ತಿರಲಿಲ್ಲ. ಚಹಾ, ಹಚ್ಚಿದ ಅವಲಕ್ಕಿ ತಂದಿಟ್ಟು ಒಳಗೆ ಹೋಗುತ್ತಿದ್ದರು. ಆ ಸಿನಿಮಾಗಳಲ್ಲಿ ಮೊದಲಿಂದಲೂ ಅವರಿಗೆ ಆಸಕ್ತಿ ಇಲ್ಲ ಎಂದುಕೊಂಡಿದ್ದೆ.

ಹೀಗೆ ಹೇಳಿ ಹೇಳಿ ರುಚಿ ಹತ್ತಿ, ಆನ್‌ಲೈನಿನಲ್ಲಿ ಒಂದು ತರಬೇತಿ ಮುಗಿಸಿ, ಡಲ್ಲಾಸಿನ ಒಂದು ಸಣ್ಣ ಕಂಪನಿಗೆ ಅರ್ಜಿ ಹಾಕಿದೆ. ಅಡುಗೆ ಕಾರ್ಯಕ್ರಮ, ಪ್ರಾಣಿಗಳ ಸಾಕ್ಷ್ಯಚಿತ್ರ ಇಂಥವು ಸಿಕ್ಕವು. ಒಂದು ದಿನ ಅಲ್ಲಿಯ ಮೇಲ್ವಿಚಾರಕಿ ಫೋನ್ ಮಾಡಿದಳು. ನನ್ನ ವಯಸ್ಸಿನ ಬಿಳಿಯ ಹೆಂಗಸು, ಮಾತು ಮೃದು, ನಾನೇನು ಹೇಳಿದರೂ ಮೊದಲು “ಒಳ್ಳೇ ಪ್ರಶ್ನೆ” ಎನ್ನುವವಳು.

“ಹಳೇ ಮೆಲೋಡ್ರಾಮಾ ಒಂದು ಬಂದಿದೆ” ಎಂದಳು. “ಪ್ರಿಂಟನ್ನು ಪೂರ್ತಿ ಶುದ್ಧ ಮಾಡಿದ್ದಾರೆ. ಬಣ್ಣಗಳನ್ನು ನೋಡಬೇಕು ನೀವು. ಕಥೆ ಭಾರತದಲ್ಲಿ ನಡೆಯುತ್ತೆ. ಅದಕ್ಕೇ ನಮಗೆ ಭಾರತೀಯ ಧ್ವನಿ ಬೇಕು ಅಂತ ಕೂತು ತೀರ್ಮಾನ ಮಾಡಿದ್ವಿ. ನೋಡಿ, ಇಂಥ ಸಿನಿಮಾಗಳಲ್ಲಿ ನಿಮ್ಮವರಿಗೆ ಪ್ರಾತಿನಿಧ್ಯ ಸಿಕ್ಕಿರಲಿಲ್ಲ. ಈಗ ಸಿಗಬೇಕು.”

ನನಗೆ ಖುಷಿಯಾಯಿತು. ಅಂಕಲ್‌ಗೆ ಸಿನಿಮಾದ ಹೆಸರು ಹೇಳಿದಾಗ ಅವರು ಚಪ್ಪಾಳೆ ಹೊಡೆದರು. “ಅಯ್ಯೋ, ನೋಡಿದೀನಿ ಕಣಮ್ಮ! ಎರಡು ಸಲ ನೋಡಿದೀನಿ. ಅದರಲ್ಲಿ ಒಂದು ಹುಡುಗಿ ಬರ್ತಾಳೆ, ತೋಟದ ಹುಡುಗಿ. ಏನು ಚೆಂದ ಅಂತೀಯ!”

ಚಿತ್ರ ಬಂದಮೇಲೆ ಮನೆಯ ಮೇಲಿನ ಕೋಣೆಯಲ್ಲಿ ಕೂತು ಮೊದಲ ಸಲ ಪೂರ್ತಿ ನೋಡಿದೆ. ಕಥೆ ಹೀಗೆ: ಇಂಗ್ಲೆಂಡಿನಿಂದ ಮದುವೆಯಾಗಿ ಒಬ್ಬಳು ಭಾರತದ ಟೀ ತೋಟಕ್ಕೆ ಬರುತ್ತಾಳೆ. ಗಂಡನಿಗೆ ಮೊದಲೇ ತೋಟದ ಒಬ್ಬ ಹುಡುಗಿಯ ಜೊತೆ ಸಂಬಂಧವಿತ್ತು, ಒಂದು ಮಗುವೂ ಇದೆ. ಆ ಮಗುವನ್ನು ಮುದುಕಿ ಆಯಾ ಒಬ್ಬಳು ಗುಟ್ಟಾಗಿ ಸಾಕುತ್ತಿದ್ದಾಳೆ. ಅಳು, ಸಂಶಯ, ಪಿಟೀಲು. ಕೊನೆಗೆ ಬಿರುಗಾಳಿ ಮಳೆಯಲ್ಲಿ ಆ ಹುಡುಗಿ ಮಗುವನ್ನು ದೊರೆಸಾನಿಯ ಕೈಗೆ ಕೊಟ್ಟು, ಅವಳ ಪಾದ ಮುಟ್ಟಿ, ಸತ್ತುಹೋಗುತ್ತಾಳೆ. ಗಂಡ ಹೆಂಡತಿ ಮಗುವಿನೊಂದಿಗೆ ಸುಖವಾಗಿರುತ್ತಾರೆ.

ಹುಡುಗಿಯ ಪಾತ್ರ ಮಾಡಿದವಳು ಬಿಳಿಯ ನಟಿ. ಮೈಗೆಲ್ಲ ಕಂದು ಬಣ್ಣ ಬಳಿದಿದ್ದಾರೆ. ಹಳೆಯ ಮಸುಕು ಪ್ರಿಂಟಿನಲ್ಲಿ ಅದು ಎಷ್ಟು ಕಾಣುತ್ತಿತ್ತೋ ಗೊತ್ತಿಲ್ಲ. ಶುದ್ಧ ಮಾಡಿದ ಈ ಪ್ರತಿಯಲ್ಲಿ ಅಡಗಿಸಲು ಜಾಗವೇ ಇರಲಿಲ್ಲ. ನನ್ನ ಕೆಲಸ ಒಂದೊಂದು ದೃಶ್ಯವನ್ನೂ ನಿಲ್ಲಿಸಿ, ಹಿಂದಕ್ಕೆ ತಂದು ನೋಡುವುದು. ಆದ್ದರಿಂದ ಬೇರೆ ಯಾರಿಗೂ ಕಾಣದಷ್ಟು ನನಗೆ ಕಂಡಿತು. ಕಿವಿಯ ಹಿಂದೆ ಬಣ್ಣ ಮುಗಿದು ಗುಲಾಬಿ ಚರ್ಮ ಶುರುವಾಗುವ ಗೆರೆ. ಕೈ ಮುಗಿದಾಗ ಉಗುರಿನ ಸಂದಿನಲ್ಲಿ ಮೆತ್ತಿಕೊಂಡಿದ್ದ ಕಂದು. ಮಳೆಯ ದೃಶ್ಯದಲ್ಲಿ ಕತ್ತಿನಿಂದ ಇಳಿದು ಬಿಳಿ ಸೀರೆಯ ಅಂಚಿಗೆ ಹತ್ತಿದ ಕೊಳೆ. ಸೀರೆಯೂ ಸೀರೆಯಲ್ಲ, ಸ್ನಾನ ಮಾಡಿ ಬಂದವರು ಟವಲ್ ಸುತ್ತಿಕೊಂಡ ಹಾಗಿತ್ತು. ತೋಟದ ಆಳುಗಳು ಅವಳ ಜೊತೆ ಏನೋ ಒಂದು ಭಾಷೆ ಮಾತಾಡುತ್ತಾರೆ. ಹಿಂದಿಯಲ್ಲ, ತಮಿಳಲ್ಲ, ಯಾವುದೂ ಅಲ್ಲ. ಬಾಯಿಗೆ ಬಂದ ಸದ್ದು. ಹಿಂದೆ ತಟ್ಟೆ ಹಿಡಿದು ನಿಂತ ಒಂದಷ್ಟು ಜನ ನಿಜವಾಗಿಯೂ ಕಪ್ಪಗಿದ್ದರು. ನಮ್ಮವರೋ, ರುಮಾಲು ಸುತ್ತಿದ ಮೆಕ್ಸಿಕೋದವರೋ ನನಗೆ ಹೇಳಲಾಗಲಿಲ್ಲ. ಅಂಗಡಿಯಲ್ಲಿ ನನ್ನನ್ನೇ ಮೆಕ್ಸಿಕೋದವಳೆಂದುಕೊಂಡು ಎಷ್ಟು ಜನ ಸ್ಪ್ಯಾನಿಷ್‌ನಲ್ಲಿ ಮಾತಾಡಿಸಿಲ್ಲ! ತಟ್ಟೆ ಹಿಡಿದ ಅವರಲ್ಲಿ ಯಾರಿಗೂ ಒಂದೂ ಮಾತಿಲ್ಲ. ಒಬ್ಬರ ಮುಖದ ಮೇಲೂ ಕ್ಯಾಮೆರಾ ನಿಲ್ಲುವುದಿಲ್ಲ.

ಆಯಾಳ ಪಾತ್ರ ಮಾಡಿದ್ದವರು ಕರಿಯ ಅಮೆರಿಕನ್ ಹೆಂಗಸು. ಹಣೆಗೆ ಕಾಸಗಲ ಕುಂಕುಮ ಇಟ್ಟು, ತಲೆಗೆ ಸೆರಗು ಹೊದಿಸಿ, ಮುರುಕು ಇಂಗ್ಲಿಷ್ ಆಡಿಸಿ, ಭಾರತದವಳು ಎಂದುಬಿಟ್ಟಿದ್ದರು.

ಎರಡನೆಯ ದಿನದ ಹೊತ್ತಿಗೆ ನನಗೆ ಊಟ ಸೇರುತ್ತಿರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟಿಗೆ ಒಂದು ಬಿಸಿ ಇರುತ್ತದೆ. ಇದು ಹೇಸಿಗೆ. ಬೇರೆಯವರು ಬಾಯಿ ಒರೆಸಿದ ಬಟ್ಟೆಯನ್ನು ನನ್ನ ಮುಖಕ್ಕೆ ಒತ್ತಿದ ಹಾಗೆ. ಕಾಲೇಜಿನಿಂದ ಮನೆಗೆ ಬಂದಿದ್ದ ಮಗಳು ಬಾಗಿಲಲ್ಲಿ ನಿಂತು ಒಂದು ನಿಮಿಷ ನೋಡಿದಳು.

“ಇದೇನು, ತಮಾಷೆಗೆ ಮಾಡಿದ್ದಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಇಲ್ಲ, ಅಳೋಕೆ ಮಾಡಿದ್ದು” ಎಂದೆ.

“ಗ್ರೋಸ್” ಎಂದು ಹೇಳಿ ಹೋದಳು. ಹೇಸಿಗೆ ಎನ್ನುವುದಕ್ಕೆ ಅವಳ ವಯಸ್ಸಿನವರ ಮಾತು ಅದು.

ಹುಡುಗಿ ಮೊದಲ ಸಲ ತೆರೆಗೆ ಬರುವ ಜಾಗದಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದದ್ದು: “ಚರ್ಮಕ್ಕೆ ಕಂದು ಬಣ್ಣ ಬಳಿದುಕೊಂಡ ಬಿಳಿಯ ನಟಿ, ತೋಟದ ಭಾರತೀಯ ಹುಡುಗಿಯಾಗಿ, ಬುಟ್ಟಿ ಹೊತ್ತು ಬರುತ್ತಾಳೆ.” ಆಯಾಳಿಗೆ ಬರೆದದ್ದು: “ವಯಸ್ಸಾದ ಆಯಾ, ಪಾತ್ರದಲ್ಲಿ ಕರಿಯ ಅಮೆರಿಕನ್ ನಟಿ, ಅಗಲ ಮುಖ, ಆಯಾಸದ ಕಣ್ಣು.” ತಟ್ಟೆ ಹಿಡಿದವರಿಗೂ ಒಂದು ಸಾಲು ಕೊಟ್ಟೆ. ಕಣ್ಣಿದ್ದವರಿಗೆ ನೋಡಿದ ತಕ್ಷಣ ತಿಳಿಯುವುದನ್ನು ಕಣ್ಣಿಲ್ಲದವರಿಗೆ ಹೇಳಬೇಕು, ಅದಕ್ಕೇ ತಾನೆ ನಾನಿರುವುದು?

ಕಂಪನಿಗೆ ಕಳಿಸುವ ಮೊದಲು ಅದನ್ನು ಅಂಕಲ್ ಎದುರು ಓದಿ ನೋಡಬೇಕೆನಿಸಿತು. ಅವತ್ತು ಶನಿವಾರ. ಅಂಕಲ್ ಒಗೆದ ಶರ್ಟ್ ಹಾಕಿಕೊಂಡು ಕಾಯುತ್ತಿದ್ದರು. ಶುರು ಮಾಡಿದೆ. ತೋಟ, ಬಂಗಲೆ, ಮದುಮಗಳ ಟೋಪಿ. ಅಂಕಲ್ ನಗುತ್ತಾ ತಲೆದೂಗುತ್ತಿದ್ದರು. ಹುಡುಗಿ ಬಂದಳು. ನಾನು ಬರೆದ ಸಾಲನ್ನು ಕನ್ನಡದಲ್ಲಿ ಹೇಳಿದೆ.

ಅಂಕಲ್ ಕೈಯೆತ್ತಿ, “ತಡಿ ತಡಿ, ನಿಲ್ಸು” ಎಂದರು. “ಬಣ್ಣ ಬಳ್ಕೊಂಡಿರೋದನ್ನ ಯಾಕೆ ಹೇಳ್ತೀಯ?”

“ಬಳ್ಕೊಂಡಿದಾಳೆ ಅಂಕಲ್. ಕಾಣ್ತಾ ಇದೆ.”

“ಕಾಣ್ಲಿ. ನೀನು ಹೇಳ್ಬೇಡ. ಹುಡುಗಿ ಬಂದ್ಲು ಅನ್ನು, ಸಾಕು. ನನ್ನ ಕಣ್ಣ ಮುಂದೆ ಅವಳು ಹೇಗಿದ್ಲೋ ಹಾಗೇ ಇದಾಳೆ. ಅದನ್ನ ಯಾಕೆ ಕೆಡಿಸ್ತೀಯ?”

“ನಿಮಗೆ ಆಗ ಗೊತ್ತಿರ್ಲಿಲ್ವಾ?”

ಅಂಕಲ್ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. “ಗೊತ್ತಿಲ್ದೆ ಏನು? ಟಾಕೀಸಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಿಳಿ ಹುಡುಗಿ ಸೀರೆ ಉಟ್ಟಿದಾಳೆ ಅಂತಾನೇ ನಾವು ಹೋಗಿದ್ದು. ನಿಜವಾದ ಕರೀ ಹುಡುಗೀನ ನೋಡೋಕೆ ಯಾರಮ್ಮ ಟಿಕೆಟ್ ತಗೋತಾರೆ?”

ಆಂಟಿ ಚಹಾ ತಟ್ಟೆ ಹಿಡಿದುಕೊಂಡು ಆಗಷ್ಟೇ ಅಡುಗೆಮನೆಯಿಂದ ಬಂದಿದ್ದರು. ಅವರು ಕಪ್ಪು. ನಮ್ಮಲ್ಲಿ ಜನ ಎಣ್ಣೆಗಪ್ಪು ಅನ್ನುತ್ತಾರಲ್ಲ, ಹಾಗೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಒಂದು ವಿಷಯ ಎಂದು ಗಮನಿಸಿರಲಿಲ್ಲ, ಆ ಗಳಿಗೆಯಲ್ಲಿ ಗಮನಿಸದೆ ಇರಲು ಆಗಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು, ಚಹಾದ ಲೋಟವನ್ನು ಅಂಕಲ್ ಕೈಗೆ ಮುಟ್ಟಿಸಿ, “ಹೌದ್ರಿ. ಮನ್ಯಾಗ ಒಬ್ಬಾಕಿ ಅದಾಳಲ್ಲಾ, ಪುಕ್ಕಟೆ” ಎಂದರು.

ಅಂಕಲ್, “ಅಯ್ಯೋ, ನಿನ್ನ ಬಗ್ಗೆ ಹೇಳಿದ್ನಾ ನಾನು? ಸಿನಿಮಾ ಬಗ್ಗೆ ಮಾತಾಡ್ತಾ ಇದೀವಿ” ಎಂದರು. ಆಂಟಿ ನನ್ನತ್ತ ತಿರುಗಿ, “ಸಕ್ಕರಿ ಸಾಕೇನವಾ?” ಎಂದು ಕೇಳಿ ಒಳಗೆ ಹೋದರು. ನಾನು ಉಳಿದ ಸಿನಿಮಾವನ್ನು ಹೇಗೆ ಹೇಳಿ ಮುಗಿಸಿದೆನೋ! ಅಂಕಲ್ ಕೊನೆಯ ದೃಶ್ಯದಲ್ಲಿ ಕಣ್ಣೊರೆಸಿಕೊಂಡರು.

ಮುಂದಿನ ವಾರ ಧ್ವನಿಮುದ್ರಣಕ್ಕೆ ಡಲ್ಲಾಸಿಗೆ ಡ್ರೈವ್ ಮಾಡಿಕೊಂಡು ಹೋದೆ. ಊರ ಹೊರಗಿನ ಲೂಯಿಸ್‌ವಿಲ್‌ನಲ್ಲಿ ಒಬ್ಬ ಗೆಳತಿಯ ಅಪಾರ್ಟ್‌ಮೆಂಟಿನಲ್ಲಿ ಉಳಿದು, ಬೆಳಿಗ್ಗೆ ಸ್ಟುಡಿಯೋ ತಲುಪಿದಾಗ ಮೇಲ್ವಿಚಾರಕಿ ನನಗಾಗಿ ಏಲಕ್ಕಿ ಹಾಕಿದ ಚಹಾ ತರಿಸಿಟ್ಟಿದ್ದಳು. ನನ್ನ ಬರಹದ ಪ್ರತಿಯನ್ನು ಕೊಟ್ಟಳು. ಬಹಳ ಕಡೆ ಗೀಟು ಬಿದ್ದಿತ್ತು. ಹುಡುಗಿಯ ಸಾಲು ಹೀಗಾಗಿತ್ತು: “ಚೆಲುವೆಯಾದ ಭಾರತೀಯ ಹುಡುಗಿ ಬುಟ್ಟಿ ಹೊತ್ತು ಬರುತ್ತಾಳೆ.” ಆಯಾ ಬರೀ ಆಯಾ ಆಗಿದ್ದಳು. ತಟ್ಟೆ ಹಿಡಿದವರು ಇರಲೇ ಇಲ್ಲ. ದೊರೆಸಾನಿಯ ರೇಷ್ಮೆ ಗೌನಿನ ಬಣ್ಣ, ಕಿಟಕಿ ಪರದೆಯ ಕಸೂತಿ, ಬೆಳ್ಳಿ ದೀಪದ ಕಂಬ ಎಲ್ಲ ಹಾಗೇ ಉಳಿದಿದ್ದವು.

“ನಾವು ಕಥೆಯ ಲೋಕವನ್ನು ಹೇಳ್ತೀವಿ, ಅದನ್ನ ಹೇಗೆ ತಯಾರಿಸಿದರು ಅನ್ನೋದನ್ನಲ್ಲ” ಎಂದಳು ಆಕೆ. “ಕಥೆಯೊಳಗೆ ಅವಳು ಭಾರತೀಯಳೇ ಅಲ್ಲವಾ?”

“ಬಣ್ಣ ಕಥೆಯೊಳಗೇ ಸೋರ್ತಾ ಇದೆ” ಎಂದೆ. “ಮಳೆ ದೃಶ್ಯ ನೋಡಿ.”

“ಒಳ್ಳೇ ಮಾತು. ಆದರೆ ಸಿನಿಮಾದ ಮೊದಲಿಗೇ ನಾವು ಒಂದು ಫಲಕ ಹಾಕ್ತೀವಲ್ಲ, ಇವು ಆ ಕಾಲದ ದೃಷ್ಟಿಕೋನಗಳು, ನಮ್ಮವಲ್ಲ ಅಂತ. ಅದಲ್ಲದೆ,” ಎಂದು ನನ್ನ ಮುಂಗೈ ಮೇಲೆ ಕೈಯಿಟ್ಟಳು, “ನೀವಿದ್ದೀರಲ್ಲ. ಒಬ್ಬ ಭಾರತೀಯ ಹೆಣ್ಣಿನ ಧ್ವನಿ ಇಡೀ ಸಿನಿಮಾವನ್ನು ನಡೆಸುತ್ತೆ. ಅದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ಏನಿದೆ?”

ಆಗ ನನಗೆ ಹೊಳೆಯಿತು. ಆ ನಟಿಗೆ ಹೊರಗಿನಿಂದ ಕಂದು ಬಳಿದಿದ್ದರು. ಈಗ ಸಿನಿಮಾಕ್ಕೇ ಒಂದು ಪದರ ಕಂದು ಬೇಕಾಗಿದೆ, ಅದಕ್ಕೆ ನನ್ನ ಗಂಟಲು ಇದೆ.

ನಾನು ಓದುವುದಿಲ್ಲ ಎಂದೆ. ಆಕೆ ಬೇಸರಪಡಲಿಲ್ಲ, ಜಗಳವಾಡಲಿಲ್ಲ. ಒಂದು ದಾರಿ ಹೇಳಿದಳು: ಈಗ ಕಂಪನಿಯ ಪ್ರತಿಯನ್ನೇ ಓದಿ, ಹೂಸ್ಟನ್ನಿನಲ್ಲಿ ಕಣ್ಣು ಕಾಣದವರ ಒಂದು ಗುಂಪಿಗೆ ಕೇಳಿಸೋಣ, ಅವರು ಹೇಳಿದ ಹಾಗೆ ತಿದ್ದೋಣ. ಕೇಳುವವರೇ ತೀರ್ಮಾನಿಸಲಿ ಎನ್ನುವುದು ನ್ಯಾಯವೆನಿಸಿತು. ಗಾಜಿನ ಕೋಣೆಗೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. “ಚೆಲುವೆಯಾದ ಭಾರತೀಯ ಹುಡುಗಿ” ಎನ್ನುವಲ್ಲಿ ಧ್ವನಿ ಸ್ವಲ್ಪ ಒರಟಾಯಿತು. ಗಾಜಿನ ಆಚೆಯಿಂದ, “ಇನ್ನೊಂದು ಸಲ, ಸ್ವಲ್ಪ ಬೆರಗಿನಿಂದ ಹೇಳಿ” ಎಂದು ಆಕೆ ಕೇಳಿದಳು. ಹೇಳಿದೆ.

ಹೂಸ್ಟನ್ನಿನಲ್ಲಿ ಎಲ್ಲರೂ ಸೇರಿದ್ದು ಒಂದು ಬಡಾವಣೆಯ ಗ್ರಂಥಾಲಯದ ಸಭಾಂಗಣದಲ್ಲಿ. ಏಸಿ ಎಷ್ಟು ಜೋರಾಗಿತ್ತೆಂದರೆ ಹೊರಗಿನ ಸೆಕೆಯಿಂದ ಬಂದವರು ನಡುಗುತ್ತಿದ್ದರು. ಬಿಳಿ ಕೋಲುಗಳನ್ನು ಮಡಚಿ ಕುರ್ಚಿಯ ಕೆಳಗಿಟ್ಟು ಜನ ಕೂತರು. ಇಬ್ಬರ ಜೊತೆ ನಾಯಿಗಳಿದ್ದವು. ಮುಂದಿನ ಸಾಲಿನಲ್ಲಿ ವಯಸ್ಸಾದ ಕರಿಯ ಹೆಂಗಸೊಬ್ಬರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಶಾಲೆಯಲ್ಲಿ ಸಂಗೀತದ ಮೇಡಂ ಆಗಿದ್ದವರಂತೆ, ಹುಟ್ಟಿನಿಂದಲೇ ದೃಷ್ಟಿ ಇಲ್ಲವಂತೆ. ತಮ್ಮ ಪರಿಚಯ ಹೇಳಿಕೊಳ್ಳುವಾಗ ಅಷ್ಟು ಹೇಳಿದರು.

ಸಿನಿಮಾ ನಡೆಯಿತು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ದೊಡ್ಡ ಸ್ಪೀಕರಿನಿಂದ ನನ್ನದೇ ಧ್ವನಿ, ನನ್ನದೇ ಮೈಸೂರು ಇಂಗ್ಲಿಷ್ ಉಚ್ಚಾರ, ಬೆರಗಿನಿಂದ, ಆ ಹುಡುಗಿ ಚೆಲುವೆ ಎಂದು ಸಾರುತ್ತಿತ್ತು. ತೆರೆಯ ಮೇಲೆ ಬಣ್ಣ ಸೋರುತ್ತಿದ್ದುದನ್ನು ಕಂಡವರು ಆ ಕೋಣೆಯಲ್ಲಿ ನಾನು, ಮೇಲ್ವಿಚಾರಕಿ, ಗ್ರಂಥಾಲಯದ ಹುಡುಗಿ, ಮೂವರೇ. ಉಳಿದವರೆಲ್ಲ ನನ್ನನ್ನು ನಂಬಿ ಕೂತಿದ್ದರು.

ಮುಗಿದ ಮೇಲೆ ಮೇಲ್ವಿಚಾರಕಿ ಎಲ್ಲರ ಅಭಿಪ್ರಾಯ ಕೇಳಿದಳು. ವೇಗ ಸರಿಯಾಗಿತ್ತು, ಧ್ವನಿ ಹಿತವಾಗಿತ್ತು ಎಂದರು. ಸಂಗೀತದ ಮೇಡಂ ಕೈಯೆತ್ತಿದರು.

“ಆ ಆಯಾ ಭಾರತದವಳಾ?”

“ಹೌದು, ಕಥೆಯಲ್ಲಿ” ಎಂದಳು ಮೇಲ್ವಿಚಾರಕಿ.

“ಕಥೆ ಬಿಡಿ. ಆ ಧ್ವನಿ ನಮ್ಮವರದು. ನಮ್ಮ ಚರ್ಚಿನಲ್ಲಿ ಅಂಥ ಧ್ವನಿಗಳ ನಡುವೆಯೇ ನಾನು ಬೆಳೆದೆ. ಮುರುಕು ಇಂಗ್ಲಿಷ್ ಮಾತಾಡಿಸಿದ್ದಾರೆ, ಮಾತಾಡಿದಾಳೆ ಪಾಪ. ಆದರೆ ಮಗುವನ್ನು ತೂಗುವಾಗ ಗುನುಗಿದಳಲ್ಲ, ಅಲ್ಲಿ ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ. ಅದು ಅವಳ ಮನೆಯದು. ಹೇಳಿ, ಅವಳು ಕರಿಯಳಾ?”

ಮೇಲ್ವಿಚಾರಕಿ ಬಾಯಿ ತೆರೆಯುವ ಮೊದಲೇ ನಾನು ಹಿಂದಿನಿಂದ, “ಹೌದು ಮೇಡಂ” ಎಂದೆ.

ಅವರು ಧ್ವನಿ ಬಂದ ಕಡೆ ತಲೆ ತಿರುಗಿಸಿದರು. “ಸಿನಿಮಾ ಹೇಳಿದವರು ನೀವೇನಾ? ಹಾಗಾದರೆ ಆ ಹುಡುಗಿ? ಅವಳ ಮಾತು ಕೇಳಿದರೆ ಬೋರ್ಡಿಂಗ್ ಶಾಲೆಯಲ್ಲಿ ಓದಿ ಬಂದ ಹಾಗಿತ್ತು.”

“ಬಿಳಿಯ ನಟಿ. ಮೈಗೆ ಕಂದು ಬಣ್ಣ ಬಳಿದಿದ್ದಾರೆ. ಮಳೆಯಲ್ಲಿ ಕರಗಿ ಸೀರೆಗೆ ಇಳಿಯುತ್ತೆ.”

ಸಭೆಯಲ್ಲಿ ಗುಜುಗುಜು ಎದ್ದಿತು. ನಾಯಿಯ ಜೊತೆ ಬಂದಿದ್ದ ಒಬ್ಬ ಮನುಷ್ಯ, “ನನಗೆ ಇದೆಲ್ಲ ಬೇಡ. ಕಥೆ ಕೇಳೋಕೆ ಬಂದಿದೀನಿ, ಪಾಠ ಕೇಳೋಕಲ್ಲ” ಎಂದ. ಮೇಡಂ ನನ್ನನ್ನೇ ಕೇಳಿದರು: “ನೋಡಬಲ್ಲವರಿಗೆ ಇದು ಕಾಣುತ್ತೆ ತಾನೆ?”

“ಕಾಣುತ್ತೆ.”

“ದೊರೆಸಾನಿಯ ಪರದೆ ಎಂಥ ಬಟ್ಟೆಯದು ಅಂತ ಹೇಳಿದಿರಿ. ದೀಪ ಯಾವ ಲೋಹದ್ದು ಅಂತ ಹೇಳಿದಿರಿ. ನಮ್ಮವಳೊಬ್ಬಳು ಸಿನಿಮಾ ಪೂರ್ತಿ ನಿಂತಿದ್ದಳು. ಅವಳು ಏನು ಉಟ್ಟಿದ್ದಳು, ಮುಖ ಹೇಗಿತ್ತು, ನನಗೆ ಗೊತ್ತೇ ಆಗಲಿಲ್ಲ. ಮೊದಲು ಅವರು ಅವಳಿಗೆ ಮೋಸ ಮಾಡಿದರು. ಈಗ ನೀವು ನನಗೆ ಮಾಡಿದಿರಿ.”

ಬರೆದಿದ್ದೆ, ಅವರು ಹೊಡೆದುಹಾಕಿದರು ಎಂದು ಹೇಳಬಹುದಿತ್ತು. ಅದರ ಬದಲು ಮುಂದೆ ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಆಯಾಳ ಮುಖ ಹೇಗಿತ್ತೆಂದು ಹೇಳಿದೆ. ಅಗಲವಾದ ಹಣೆ, ಕೆನ್ನೆಯಲ್ಲಿ ಒಂದು ಗುಳಿ, ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದದ್ದು. ಜೋಗುಳದ ಹೊತ್ತಿಗೆ ಕ್ಯಾಮೆರಾ ದೊರೆಸಾನಿಯ ಕಡೆ ತಿರುಗಿದ್ದರೂ, ಕನ್ನಡಿಯ ಮೂಲೆಯಲ್ಲಿ ಇವಳು ಕಣ್ಣು ಮುಚ್ಚಿಕೊಂಡಿರುವುದು ಕಾಣುತ್ತದೆ ಎಂದೆ. ಮೇಡಂ ಕೇಳಿಸಿಕೊಂಡು, “ಸರಿ. ಇಷ್ಟು ಮೊದಲೇ ಹೇಳಬೇಕಿತ್ತು” ಎಂದು ಎದ್ದು, ಕೋಲು ಬಿಡಿಸಿಕೊಂಡು ಹೋದರು. ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಪಾರ್ಕಿಂಗಿನಲ್ಲಿ ಮೇಲ್ವಿಚಾರಕಿ ನನಗಾಗಿ ಕಾಯುತ್ತಿದ್ದಳು. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು. “ಬಹಳ ಮೌಲ್ಯದ ಚರ್ಚೆ ನಡೆಯಿತು” ಎಂದಳು. “ಆದರೆ ನೀವು ನಡುವೆ ಬಾಯಿ ಹಾಕಬಾರದಿತ್ತು. ನೀವು ಧ್ವನಿ, ಅಷ್ಟೇ.”

ಅವಳು ಸಿಟ್ಟಿನಲ್ಲಿ ಹೇಳಿದ್ದಲ್ಲ. ಅವಳ ಉದ್ಯೋಗದ ಭಾಷೆಯಲ್ಲಿ ಧ್ವನಿ ಅಂದರೆ ಒಂದು ಹುದ್ದೆ. ನಾನು ಕಾರು ಹತ್ತಿದೆ. ಮನೆಯವರೆಗೂ ರೇಡಿಯೋ ಹಾಕಲಿಲ್ಲ.

ಆಮೇಲೆ ಕಂಪನಿಯಿಂದ ಕೆಲಸ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಆ ಸಿನಿಮಾ ಆನ್‌ಲೈನಿನಲ್ಲಿ ಬಂತು. ಕುತೂಹಲ ತಡೆಯದೆ ಹಾಕಿ ಕೇಳಿದೆ. ಧ್ವನಿ ಬೇರೆ, ಯಾರೋ ಚಿಕ್ಕ ವಯಸ್ಸಿನ ಭಾರತೀಯ ಹುಡುಗಿ, ಚೆನ್ನಾಗಿ ಓದುತ್ತಾಳೆ. ಹೂಸ್ಟನ್ನಿನ ಚರ್ಚೆಯನ್ನು ಅವರು ಮರೆತಿರಲಿಲ್ಲ. ಚರ್ಮದ ಬಣ್ಣವನ್ನು ಹೇಳಲಿಲ್ಲ ಎಂದು ದೂರು ಬಂದಿತ್ತಲ್ಲ, ಅದನ್ನು ಸರಿಪಡಿಸಿದ್ದರು: “ಕಂದು ಮೈಬಣ್ಣದ ಚೆಲುವೆ, ಭಾರತೀಯ ಹುಡುಗಿ, ಬುಟ್ಟಿ ಹೊತ್ತು ಬರುತ್ತಾಳೆ.” ಆಯಾಳಿಗೆ ಸಿಕ್ಕದ್ದು: “ಕಪ್ಪು ಮೈಬಣ್ಣದ ಭಾರತೀಯ ಆಯಾ.” ಮೊದಲಿನದು ಬರೀ ಮರೆಮಾಚಿತ್ತು. ಈಗಿನದು ಹಸಿ ಸುಳ್ಳು. ಕೊನೆಯಲ್ಲಿ ವೈವಿಧ್ಯಕ್ಕೆ ತಾವು ಬದ್ಧರೆಂದು ಹೇಳುವ ಒಂದು ವಾಕ್ಯವನ್ನೂ ಆ ಹುಡುಗಿಯ ಕೈಲಿ ಓದಿಸಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಿ, ಹೋಗಿ ಬಾಯಿ ಮುಕ್ಕಳಿಸಿ ಬಂದೆ.

ಅಂಕಲ್‌ಗೆ ಆ ಪ್ರತಿ ಬಹಳ ಹಿಡಿಸಿತು. ಫೋನ್ ಮಾಡಿ ಹೇಳಿದರು: “ನಿನ್ನ ಮೇಲೆ ಬೇಜಾರಿಲ್ಲಮ್ಮ, ಆದ್ರೆ ಈ ಹುಡುಗಿ ಹೇಳೋದ್ರಲ್ಲಿ ಒಂದು ರಸ ಇದೆ. ಶನಿವಾರ ಬಾ, ಕೂತು ಕೇಳೋಣ.”

“ಇಲ್ಲ ಅಂಕಲ್, ನಾನು ಅದನ್ನ ಇನ್ನು ನೋಡಲ್ಲ” ಎಂದೆ. ಅವರು, “ಅಷ್ಟೊಂದು ಮನಸ್ಸಿಗೆ ಹಚ್ಕೋಬೇಡ. ಸಿನಿಮಾ ಅದು” ಎಂದು ಫೋನ್ ಇಟ್ಟರು. ಅಂಕಲ್ ಕೆಟ್ಟವರಲ್ಲ. ನನ್ನ ಮಗಳಿಗೆ ಬಾಯಲ್ಲೇ ಲೆಕ್ಕ ಹೇಳಿಕೊಟ್ಟವರು, ನಾನು ಕೆಲಸ ಕಳೆದುಕೊಂಡಾಗ ಮೊದಲು ಬಂದು ವಿಚಾರಿಸಿದವರು. ಅದಕ್ಕೇ ನನಗೆ ಇನ್ನೂ ಹೇಸಿಗೆಯಾಗುತ್ತಿತ್ತು. ಕೆಟ್ಟವರ ಬಾಯಲ್ಲಿ ಆ ಟಿಕೆಟ್ಟಿನ ಮಾತು ಬಂದಿದ್ದರೆ ಉಗುಳಿ ಮುಂದೆ ಹೋಗಬಹುದಿತ್ತು.

ಆ ಶನಿವಾರ ಮಧ್ಯಾಹ್ನ ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ಆಂಟಿ. ತಾವೇ ಕಾರು ಓಡಿಸಿಕೊಂಡು ಬಂದಿದ್ದರು; ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಲೂ ಆಗದಂಥ ಬಿಸಿಲು.

“ಅವ್ರು ಸಿನೆಮಾ ಹಚ್ಚಿಕೊಂಡ ಕುಂತಾರ” ಎಂದರು. “ಅದರ ಸದ್ದು ಕೇಳವಲ್ಲೆ. ನಿನ್ನ ಹತ್ರ ಬಂದೆ.”

ಚಹಾ ಮಾಡಿದೆ. ಅಡುಗೆಮನೆಯ ಮೇಜಿನ ಬಳಿಯೇ ಕೂತೆವು. ಹೂಸ್ಟನ್ನಿನಲ್ಲಿ ಆದದ್ದನ್ನು ಕೇಳಿದರು. ಹೇಳಿದೆ. ಸಂಗೀತದ ಮೇಡಂ ಜೋಗುಳದಿಂದ ಕಂಡುಹಿಡಿದದ್ದನ್ನು ಹೇಳಿದಾಗ ಆಂಟಿ ಮೆಲ್ಲಗೆ ತಲೆಯಾಡಿಸಿದರು. ಆಮೇಲೆ ಕಪ್ಪನ್ನು ಪಕ್ಕಕ್ಕೆ ಸರಿಸಿ ಹೇಳಿದರು:

“ನನ್ನ ಮದವಿ ದಿನಾ ಏನ್ ಮಾಡಿದ್ರ ಗೊತ್ತೇನು? ನಮ್ಮ ಸ್ವಾದರತ್ತಿ ಮಾರಿಗೆ, ಕುತ್ತಿಗಿಗೆ, ಮುಂಗೈಗೆ ಎಲ್ಲಾ ಬೆಳ್ಳನ ಪೌಡರ್ ಮೆತ್ತಿದಳು. ಹುಡುಗ ಬೆಂಗಳೂರಾವ, ಇಂಗ್ಲಿಷ್ ಸಿನೆಮಾ ನೋಡಾಂವ, ಹಿಂಗ ಕಪ್ಪ ಕುಂತರ ಹೆಂಗ ಅಂತ. ಧಾರಿ ಎರಿಯೂ ಹೊತ್ತಿಗೆ ಬೆವತು ಎಲ್ಲಾ ಸೀರಿಗೆ ಇಳೀತು. ಫೋಟೋದಾಗ ಮಾರಿ ಒಂದ ಬಣ್ಣ, ಕಿವಿ ಒಂದ ಬಣ್ಣ. ಇವ್ರು ಆ ಫೋಟೋ ನೋಡಿ ಎಷ್ಟ ಚಂದ ಬಂದದ ಅಂದ್ರು.”

“ಆ ಫೋಟೋ ಎಲ್ಲಿದೆ ಆಂಟಿ? ನಿಮ್ಮನೇಲಿ ನೋಡಿಲ್ಲ.”

“ಹೂಸ್ಟನ್ ಬಿಡೂ ಮುಂದ ಕತ್ತರಿಸಿ ಕಸಕ್ಕ ಹಾಕಿದೆ. ಅವ್ರಿಗೆ ಕಣ್ಣ ಹೋಗಿತ್ತು ಅಷ್ಟೊತ್ತಿಗೆ. ಕೇಳಲಿಲ್ಲ. ಕೇಳಿದ್ರೂ ಹೇಳ್ತಿದ್ದಿಲ್ಲ” ಎಂದರು.

ಸಮಾಧಾನದ ಮಾತು ಆಡಿದ್ದರೆ ಅದೂ ಒಂದು ಬಣ್ಣ ಬಳಿದ ಹಾಗೇ ಆಗುತ್ತಿತ್ತು. ಆಂಟಿಗೂ ಅದು ಬೇಕಿರಲಿಲ್ಲ. ಎದ್ದು ಸಿಂಕಿನಲ್ಲಿ ತಮ್ಮ ಕಪ್ಪನ್ನು ತೊಳೆಯತೊಡಗಿದರು. ಬೇಡ ಎಂದರೂ ಬಿಡಲಿಲ್ಲ.

ಈಗ ನಾನು ಪಕ್ಕದ ಟೇಲರ್ ಎಂಬ ಊರಿನ ಕಾರ್ಖಾನೆಗಳಿಗೆ ಸುರಕ್ಷತೆಯ ತರಬೇತಿ ವಿಡಿಯೋಗಳನ್ನು ಬರೆದುಕೊಡುತ್ತೇನೆ. ಯಾವ ಪೈಪು ಬಿಸಿ, ಯಾವ ಬಾಗಿಲು ತೆರೆಯಬಾರದು, ಅಷ್ಟೇ. ಕೆಲಸ ಬೇಸರದ್ದು, ಮೈ ಹಗುರವಾಗಿದೆ. ಅಂಕಲ್ ಮನೆಗೆ ಹಬ್ಬಕ್ಕೆ, ಹುಷಾರಿಲ್ಲದಾಗ ಹೋಗುತ್ತೇನೆ. ಸಿನಿಮಾ ಹೇಳಲು ಹೋಗುವುದಿಲ್ಲ. ಅವರು ಕರೆಯುವುದನ್ನು ಬಿಟ್ಟಿದ್ದಾರೆ. ಶನಿವಾರ ಊಟವಾದ ಮೇಲೆ ಆಂಟಿ ಕಾರು ತೆಗೆದುಕೊಂಡು ಇಲ್ಲಿಗೆ ಬರುತ್ತಾರೆ, ಸೊಪ್ಪು ಬಿಡಿಸುತ್ತಾ ಕೂರುತ್ತೇವೆ. ಹೋದ ವಾರ ಹೊರಡುವಾಗ ಅವರಿಗೆ ಫೋನ್ ಬಂತು. ಸಿನಿಮಾ ಮುಗಿಯಿತು, ಬಾ ಎಂದು ಅಂಕಲ್. “ಬರ್ತೀನ್ರಿ, ಇನ್ನೊಂದ ಸ್ವಲ್ಪ ಕೆಲಸ ಅದ” ಎಂದು ಹೇಳಿ, ಫೋನನ್ನು ಪರ್ಸಿಗೆ ಹಾಕಿಕೊಂಡು, ಮತ್ತೆ ಕುರ್ಚಿಯಲ್ಲಿ ಕೂತರು.